ಉಪ್ಪಿನ ಗಂಟು

ಹಂಚಿನ ಮೇಲೆ ಕಲ್ಲುಪ್ಪು ಮೊದಲು ಚಟಪಟ ಸಿಡಿಯುತ್ತದೆ, ಆಮೇಲೆ ಸುಟ್ಟ ಮಣ್ಣಿನಂಥ ಒಣ ವಾಸನೆ ಏಳುತ್ತದೆ. ಆ ವಾಸನೆಯ ಜೊತೆಗೇ ಗ್ಲೆಂಡೇಲ್ ಹೈಟ್ಸಿನ ನಮ್ಮ ಮನೆ ಎದ್ದು ಬರುತ್ತದೆ: ಬಾಗಿಲ ಬಳಿ ಹಿಮ ಕರಗುತ್ತಿರುವ ಅಪ್ಪನ ಬೂಟು, ಸೋಫಾದ ಮೇಲೆ ಕಾಲು ಚಾಚಿ ಕುಳಿತ ಧಾರವಾಡದ ಅಜ್ಜಿ, ಬಿಸಿ ಉಪ್ಪನ್ನು ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ ಅವಳ ಮೊಣಕಾಲಿಗೆ ಬಿಗಿದು ಕಟ್ಟುವ ಅಮ್ಮ.

ನಾನಿನ್ನೂ ಮಿಡ್ಲ್ ಸ್ಕೂಲಿನಲ್ಲಿದ್ದೆ. ಆ ಬೇಸಿಗೆಯಲ್ಲಿ ಕೊಲೊರಾಡೊದವರೆಗೂ ಡ್ರೈವ್ ಮಾಡಿಕೊಂಡು ಎತ್ತರದ ಒಂದು ಅಭಯಾರಣ್ಯಕ್ಕೆ ಹೋದೆವು. ಮರಗಳೆಲ್ಲ ಕೆಳಗೇ ನಿಂತುಬಿಟ್ಟಿದ್ದವು. ಮೇಲೆ ಬರೀ ಬಂಡೆ, ಗಿಡ್ಡ ಹುಲ್ಲು, ಉಗುರಿನಷ್ಟು ಹೂಗಳು. ಕಾರಿನಿಂದಿಳಿದ ಅಜ್ಜಿ ಹತ್ತಿರದ ಬಂಡೆಯ ಮೇಲೆ ಕುಳಿತು ಏದುಸಿರು ಬಿಟ್ಟಳು. "ಇಲ್ಲಿ ಗಾಳಿಗೂ ರೇಷನ್ ಏನಪಾ?" ಅವಳ ಬೆನ್ನ ಹಿಂದೆ ಇಳಿಜಾರು. ಅಷ್ಟರಲ್ಲಿ ಬಿಳಿ ಪರ್ವತಮೇಕೆಯೊಂದು ನೇರ ಅವಳ ಬಳಿ ಬಂದು ಮೊಣಕಾಲಿಗೆ ಬಾಯಿ ಹಾಕಿತು. ಇವು ಉಪ್ಪಿಗಾಗಿ ಮನುಷ್ಯರ ಹತ್ತಿರ ಬರುತ್ತವೆ, ತಿವಿಯುತ್ತವೆ ಎಂದು ಗೇಟಿನ ಫಲಕದಲ್ಲಿ ಓದಿದ್ದೆವು. ತಿಂಡಿಯನ್ನೆಲ್ಲ ಕಾರಿನಲ್ಲೇ ಮುಚ್ಚಿಟ್ಟಿದ್ದೆವು. ಬೆಳಿಗ್ಗೆ ಮೋಟೆಲಿನಲ್ಲಿ ಅಮ್ಮ ಅಜ್ಜಿಯ ಸೀರೆಯ ಮೇಲೆಯೇ ಕಟ್ಟಿದ್ದ ಉಪ್ಪಿನ ಗಂಟು ಮಾತ್ರ ಯಾರಿಗೂ ನೆನಪಾಗಿರಲಿಲ್ಲ.

"ಡ್ಯಾಡ್, ಡೂ ಸಮ್‌ಥಿಂಗ್!" ಎಂದೆ.

"ಅವ್ವಾ, ಅಲ್ಲಾಡಬ್ಯಾಡ," ಎಂದ ಅಪ್ಪ. ಅವನ ಧ್ವನಿ ತೀರ ಸಣ್ಣಗಿತ್ತು.

"ಅಲ್ಲಾಡಾಕ ಕಾಲ್ ಬೇಕಲ್ಲೋ! ಗಂಟ್ ಬಿಚ್ಚಾಕ ಬರವಲ್ದು. ಏನ್ ಬಿಗದಾಳೋ ನಿನ್ನ ಹೆಂಡ್ತಿ!"

ಮೇಕೆ ಬಟ್ಟೆ ಕಚ್ಚಿ ಎಳೆಯಿತು. ಅಜ್ಜಿ ಬಂಡೆಯ ಮೇಲೆ ಜಾರಿದಳು. ಕಪ್ಪು ಕೋಡಿನ ತುದಿ ಅವಳ ಹೊಟ್ಟೆಯ ಮೇಲಿನ ನಿರಿಗೆಯನ್ನು ಒತ್ತಿತು. ಅವಳು ಎರಡೂ ಕೈಯಿಂದ ಗಂಟನ್ನು ಎಳೆದಾಡಿದಳು, ಅದು ಮಾತ್ರ ಸಡಿಲವಾಗಲಿಲ್ಲ. ನನ್ನ ತೋಳು ಹಿಡಿದಿದ್ದ ಅಮ್ಮನ ಉಗುರು ಚರ್ಮಕ್ಕೆ ನೆಟ್ಟಿತ್ತು. ಕೊನೆಗೆ ಬಟ್ಟೆಯೇ ಹರಿಯಿತು. ಉಪ್ಪು ನೆಲಕ್ಕೆ ಚೆಲ್ಲಿತು, ಮೇಕೆ ತಲೆ ತಗ್ಗಿಸಿತು, ಅಪ್ಪ ಅಜ್ಜಿಯನ್ನು ಕಂಕುಳಲ್ಲಿ ಹಿಡಿದು ಹಿಂದಕ್ಕೆಳೆದ.

ಕಾರು ಮತ್ತೆ ಮರಗಳ ನಡುವೆ ಇಳಿಯಿತು. ಆಮೇಲೆ ಅಜ್ಜಿ, "ಇಷ್ಟ್ ಪ್ರೀತೀಲೆ ನನ್ನ ಕಾಲು ಯಾರೂ ಹಿಡಿದಿರಲಿಲ್ಲ," ಎಂದಳು. ಅಪ್ಪ ಕಣ್ಣೊರೆಸಿಕೊಳ್ಳುವಷ್ಟು ನಕ್ಕ. ಅಮ್ಮ ನಗಲಿಲ್ಲ.

ಅಜ್ಜಿ ಹೋದಳು, ಆಮೇಲೆ ಅಪ್ಪನೂ. ಆ ಮನೆಯಲ್ಲಿ ಈಗ ಬೇರೆಯವರಿದ್ದಾರೆ. ಡೆಸ್ ಪ್ಲೇನ್ಸಿನ ನನ್ನ ಅಪಾರ್ಟ್‌ಮೆಂಟಿನಲ್ಲಿ ಈಗ ಅಮ್ಮನ ಮೊಣಕಾಲಿಗೆ ನಾನು ಉಪ್ಪು ಕಟ್ಟುತ್ತೇನೆ. ಪ್ರತಿ ಸಲವೂ ಅವಳು ಗಂಟಿನಡಿ ಬೆರಳು ತೂರಿಸಿ ನೋಡುತ್ತಾಳೆ. "ಸಡಿಲವಾಗಿ ಕಟ್ಟೇ. ಎಳೆದ್ರೆ ಬಿಚ್ಕೋಬೇಕು." ಮೇಕೆಯ ಮಾತನ್ನು ಇಬ್ಬರೂ ಎತ್ತುವುದಿಲ್ಲ. ಅವಳು ಎದ್ದು ನಾಲ್ಕು ಹೆಜ್ಜೆ ಹಾಕುವಷ್ಟರಲ್ಲಿ ಗಂಟು ಪಾದದವರೆಗೆ ಜಾರಿರುತ್ತದೆ. ನಾನು ನೆಲದ ಮೇಲೆ ಕುಳಿತು ಮತ್ತೆ ಕಟ್ಟುತ್ತೇನೆ, ಸಡಿಲವಾಗಿಯೇ.