ಮಾವನ ತೋಟದ ಬಿಳಿ ಮರಿಗಳು

ಚಿಕ್ಕಂದಿನಲ್ಲಿ ಬೆಂಕಿಪೊಟ್ಟಣದಲ್ಲಿ ಹುಳ ಸಾಕಿ ಅಮ್ಮನಿಂದ ಬೈಸಿಕೊಂಡವಳು ದೊಡ್ಡವಳಾದ ಮೇಲೆ ಅದೇ ಕೆಲಸಕ್ಕೆ ಸಂಬಳ ಪಡೆಯತೊಡಗಿದಳು. ಬೆಳೆಗಳ ಕೀಟ, ರೋಗಗಳನ್ನು ಅಭ್ಯಾಸ ಮಾಡುವ ಕೇಂದ್ರದಲ್ಲಿ ಅವಳದೊಂದು ಕೋಣೆ. ಗೋಡೆಯುದ್ದಕ್ಕೂ ಕಬ್ಬಿಣದ ರ‍್ಯಾಕು, ಅದರ ತುಂಬ ಕುಂಬಳಕಾಯಿ, ಕಾಯಿಗಳ ಮೇಲೆ ಹಿಟ್ಟು ಚೆಲ್ಲಿದಂತೆ, ಗಿಡದ ರಸ ಹೀರುವ ಬಿಳಿ ತಿಗಣೆ. ಆ ತಿಗಣೆಗಳನ್ನೇ ತಿಂದು ಬದುಕುವ, ಎಳ್ಳಿಗಿಂತ ತುಸು ದೊಡ್ಡ ಕಪ್ಪು ಹುಳುಗಳನ್ನು ಅವಳು ಅಲ್ಲಿ ಸಾಕುತ್ತಿದ್ದಳು. ನೆಂಟರಿಷ್ಟರ ಬಾಯಲ್ಲಿ ಅವಳು 'ಹುಳದಕ್ಕ'. ಆ ಹೆಸರಿಟ್ಟವನು ಸೋದರಮಾವ.

ಆ ವರ್ಷ ಮಾವನ ಸೀಬೆ ತೋಟಕ್ಕೇ ಹಿಟ್ಟು ತಿಗಣೆ ಬಿತ್ತು. ಎಲೆಯೆಲ್ಲ ಅಂಟು, ಕಾಯಿಯ ಮೇಲೆ ಮಸಿ. ಔಷಧಿ ಹೊಡೆದು ಹೊಡೆದು ಕೈಸೋತ ಮಾವ ಕೊನೆಗೆ ಅಕ್ಕನ ಮಗಳನ್ನು ಕರೆದ. ಅವಳು ಡಬ್ಬಿಗಳಲ್ಲಿ ತಂದ ಹುಳುಗಳನ್ನು ಮರಮರಕ್ಕೂ ಬಿಟ್ಟು, "ಇನ್ನು ಔಷಧಿ ಮುಟ್ಟಬೇಡ ಮಾವ, ಹುಳ ಸತ್ತುಹೋಗ್ತವೆ" ಎಂದು ಹೇಳಿ ಹೋದಳು.

ಕೆಲವು ವಾರಗಳ ಮೇಲೆ, ಅವಳು ಹಲ್ಲುಜ್ಜುತ್ತಿರುವಾಗಲೇ ಫೋನು.

"ಏನೇ ಇದು! ನಿನ್ನ ಹುಳ ತಿಗಣೆ ತಿನ್ನೋದಿರಲಿ, ಅವಕ್ಕೇ ತಿನ್ನಿಸಿ ಕೊಬ್ಬಿಸಿವೆ! ತಿಗಣೆಗಳು ಮೈತುಂಬ ಬಿಳಿ ಕೂದಲು ಬಿಟ್ಕೊಂಡು ಧಡಿಯರ ಥರ ಓಡಾಡ್ತಿವೆ. ನಾನಂತೂ ಔಷಧಿ ಕಲಸ್ತಿದೀನಿ."

"ದಮ್ಮಯ್ಯ ಮಾವ, ನಾನು ಬರೋವರೆಗೂ ಪಂಪು ಕೆಳಗಿಡು!"

ತಲೆ ಬಾಚದೆ ಸ್ಕೂಟರು ಹತ್ತಿ ಬಂದರೆ, ಮಾವ ಪಂಪನ್ನು ಬೆನ್ನಿಗೇರಿಸಿಕೊಂಡೇ ದುರುಗುಟ್ಟುತ್ತ ನಿಂತಿದ್ದ. ಅವಳು ಸ್ಕೂಟರು ನಿಲ್ಲಿಸಿ ನೇರ ಮರದ ಬಳಿ ಹೋದಳು. ಒಂದು ಕೊಂಬೆ ಬಗ್ಗಿಸಿ, ಅವನ ಕೈಗೆ ಭೂತಗನ್ನಡಿ ಕೊಟ್ಟಳು. ಎಲೆಯ ಮೇಲೆ ದಪ್ಪ ಬಿಳಿ ಹುಳುವೊಂದು ತೆವಳಿ ಬಂತು, ಸಣ್ಣ ತಿಗಣೆಯೊಂದನ್ನು ಹಿಡಿಯಿತು, ಮೆಲ್ಲತೊಡಗಿತು.

"ಅಯ್ಯೋ, ತಮ್ಮೋರನ್ನೇ ತಿಂತಿದೆಯಲ್ಲೇ!"

"ತಮ್ಮೋರಲ್ಲ ಮಾವ. ಅದು ನನ್ನ ಕಪ್ಪು ಹುಳದ ಮರಿ. ಚಿಕ್ಕದಿದ್ದಾಗ ತಿಗಣೆ ವೇಷ ಹಾಕ್ಕೊಂಡಿರುತ್ತೆ. ತಿಗಣೆ ಕಾಯೋ ಇರುವೆಗೂ ಗುರುತು ಸಿಗಲ್ಲ, ನಿಂಗೂ ಸಿಗ್ಲಿಲ್ಲ."

ಮಾವ ಹೊಟ್ಟೆ ಹಿಡಿದುಕೊಂಡು ನಕ್ಕ. ಪಂಪು ತಾನಾಗಿ ಕೆಳಗಿಳಿಯಿತು. ಅವತ್ತು ತಿಂಡಿಗೆ ಎಷ್ಟು ಕರೆದರೂ ಅವನು ಮರದ ಬುಡ ಬಿಟ್ಟು ಏಳಲಿಲ್ಲ. "ಹಾಂ, ನುಂಗು! ಪಕ್ಕದಲ್ಲಿ ಇನ್ನೊಂದಿದೆ ನೋಡೋ!" ಎಂದು ಮರಿಗಳನ್ನು ಹುರಿದುಂಬಿಸುವುದೇ ಕೆಲಸವಾಯಿತು. ಅವಳಿಗೂ ನಕ್ಕು ನಕ್ಕು ಕಣ್ಣಲ್ಲಿ ನೀರು.

ಮುಂದಿನ ಚಿಗುರು ಬರುವಷ್ಟರಲ್ಲಿ ತೋಟದಲ್ಲಿ ತಿಗಣೆ ಹುಡುಕಬೇಕಾಯಿತು. ಮಾವ ದಾರಿಹೋಕರನ್ನೆಲ್ಲ ತೋಟದೊಳಗೆ ಎಳೆದು, "ನಮ್ಮ ಹುಡುಗಿ ಸಾಕಿದ್ದು" ಎಂದು ತೋರಿಸುತ್ತಿದ್ದ. ಭೂತಗನ್ನಡಿಯನ್ನು ಮಾತ್ರ ಹಿಂದಿರುಗಿಸಲಿಲ್ಲ. ಅವಳು ಹೊಸದೊಂದು ಕೊಂಡುಕೊಂಡಳು.