ಎಂಜಿನ್ ಬಿಸಿನೀರಿಗೆ ನಿಂತ ಹೆಂಗಸರು

ಗಾಳಿ ತೇವಗೊಂಡ ಬೆಳಿಗ್ಗೆಗಳಲ್ಲಿ ಗಲ್ಫಿನ ಈ ಎಣ್ಣೆಯೂರು ಅಹ್ಮದಿಯ ರಸ್ತೆಗಳಿಗೆ ಕಚ್ಚಾ ಎಣ್ಣೆಯ ವಾಸನೆ ಇಳಿಯುತ್ತದೆ. ಆಫೀಸಿನ ಮುಂದೆ ಕಾರಿನ ಬಾಗಿಲು ತೆರೆದೊಡನೆ ಅದು ಮೂಗಿಗೆ ಬಡಿದರೆ ನಾನು ಐದು ವರ್ಷದವನಾಗುತ್ತೇನೆ. ಹಳಿಗಳ ಕೆಳಗೆ ಡಾಂಬರೆಣ್ಣೆ ಕುಡಿದ ಮರದ ಸ್ಲೀಪರುಗಳು ಬಿಸಿಲಿಗೆ ಬೆವರುತ್ತಿದ್ದ ವಾಸನೆ ಅದು. ಗದಗದ ಆಚೆಗಿನ ಒಂದು ಜಂಕ್ಷನ್ನಿನಲ್ಲಿ ಅಪ್ಪ ರೈಲಿಗೆ ಹಳಿ ಬದಲಿಸಿ ಕೊಡುವ ಪಾಯಿಂಟ್ಸ್‌ಮನ್ ಆಗಿದ್ದರು. ನಮ್ಮ ಕ್ವಾರ್ಟರ್ಸಿನ ಹಿಂದೆ ಎಂಜಿನ್ನುಗಳ ಬೂದಿಗುಡ್ಡ, ಅದರಾಚೆ ಜೋಳದ ಹೊಲ. ಎಂಜಿನ್ ನೀರು ತುಂಬಿಸಿಕೊಳ್ಳಲು ನಿಂತಾಗ ಹೆಂಗಸರು ಕೊಡ ಹಿಡಿದು ಓಡುತ್ತಿದ್ದರು. ಡ್ರೈವರ್ ಕೊಳವೆ ತಿರುಗಿಸಿ ಕುದಿನೀರು ಬಿಡುತ್ತಿದ್ದ. ನಮ್ಮ ಸ್ನಾನವೆಲ್ಲ ಆ ನೀರಿನಲ್ಲೇ. ನನ್ನ ಐದನೆಯ ವರ್ಷದಲ್ಲೇ ಅವ್ವ ಜ್ವರದಿಂದ ತೀರಿಕೊಂಡಳು. ನಮ್ಮಲ್ಲಿ ಅವಳ ಒಂದು ಫೋಟೋವೂ ಇರಲಿಲ್ಲ. ನನಗೆ ಅವಳ ಮುಖ ನೆನಪಿಲ್ಲ.

ಕಳೆದ ತಿಂಗಳು ಹಳೆಯ ಕಾಲೊನಿಯವರ ವಾಟ್ಸಾಪ್ ಗುಂಪಿಗೆ ಯಾರೋ ಆ ಊರಿನ ಫೋಟೋಗಳನ್ನು ಹಾಕಿದರು. ಅಲ್ಲಿದ್ದ ಒಬ್ಬ ಸ್ಟೇಷನ್ ಮಾಸ್ತರರು ತಮ್ಮ ಹುಚ್ಚಿಗೆ ವರ್ಷಗಟ್ಟಲೆ ತೆಗೆದವು. ಚಿತ್ರದಿಂದ ಚಿತ್ರಕ್ಕೆ ಬೂದಿಗುಡ್ಡ ಬೆಳೆಯುತ್ತದೆ, ಹೊಲ ಹಿಂದೆ ಸರಿಯುತ್ತದೆ. ಆಮೇಲೆ ಗುಡ್ಡವೂ ಇಲ್ಲ, ಕ್ವಾರ್ಟರ್ಸೂ ಇಲ್ಲ, ಬರೀ ಬ್ರಾಡ್‌ಗೇಜಿನ ಅಗಲ ಹಳಿಗಳು. ಒಂದರಲ್ಲಿ ಮಾತ್ರ ಎಂಜಿನ್ನಿನ ಪಕ್ಕ ಇಬ್ಬರು ಹೆಂಗಸರಿದ್ದರು. ಊರಿನಿಂದ ಇಲ್ಲಿಯ ಮೈದಾನ್ ಹವಲ್ಲಿಯಲ್ಲಿರುವ ತನ್ನ ಮಗನ ಮನೆಗೆ ಬಂದಿದ್ದ ಅಕ್ಕನಿಗೆ ಒಯ್ದು ತೋರಿಸಿದೆ. ಅವಳು ನನಗಿಂತ ಏಳು ವರ್ಷ ದೊಡ್ಡವಳು.

"ಎಡಕ್ಕ ನಿಂತಾಕಿ ಅವ್ವನ," ಅಂದಳು. "ನೋಡಲ್ಲೆ, ಸೆರಗಿನ ತುದಿ ಹಲ್ಲಾಗ ಹಿಡದಾಳ. ಹಂಗ ಬ್ಯಾರೆ ಯಾರೂ ನಿಲ್ತಿದ್ದಿಲ್ಲ."

ಸೆರಗಿನಿಂದ ಮೇಲೆ, ಮುಖವಿರಬೇಕಾದ ಕಡೆ, ಹಬೆ ತುಂಬಿತ್ತು.

ಜೊತೆಗೆ ಬಂದಿದ್ದ ನನ್ನ ಮಗಳು ಫೋನ್ ಕಸಿದುಕೊಂಡಳು. "ಟೂ ಮಿನಿಟ್ಸ್, ಅಪ್ಪಾ. ಎಐ ವಿಲ್ ಫಿಲ್ ಇಟ್. ಅತ್ತೆ, ಸ್ಮೈಲ್ ಪ್ಲೀಸ್, ಐ ನೀಡ್ ಯುವರ್ ಫೇಸ್."

"ನನ್ನ ಹಲ್ಲು ಹಾಕಬ್ಯಾಡ ಮತ್ತ ಆಕಿಗೆ!" ಅಕ್ಕ ನಕ್ಕಳು.

ಪರದೆಯ ಮೇಲೆ ಹಬೆ ಸರಿಯಿತು, ಮುಖವೊಂದು ಮೂಡಿತು. ಅಕ್ಕ ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದಳು.

"ಚೆಂದ ಅದಾಳ. ಆದ್ರ ಅವ್ವ ಅಲ್ಲೋ ಈಕಿ. ಅಳಸು ಅದನ್ನ."

"ಖಲಾಸ್, ಅತ್ತೆ. ಡಿಲೀಟೆಡ್."

ಅವ್ವ ಅಲ್ಲವೆನ್ನಲು ಅಕ್ಕನೊಳಗೆ ನಿಜವಾದ ಮುಖವೊಂದಿತ್ತು. ನನ್ನೊಳಗೆ ಇರಲಿಲ್ಲ. ಮುಖ ಮರೆತುಹೋದವರು ನಿಮಗೂ ಇರಬಹುದು. ಮರೆತ ಜಾಗವನ್ನೂ ನಾವು ಜೋಪಾನ ಮಾಡುತ್ತೇವೆ. ಇಷ್ಟು ವರ್ಷ ಅವ್ವ ಎಂದರೆ ನನಗೆ ಬಳೆಯ ಸದ್ದು, ಒದ್ದೆ ಕೈ, ನನ್ನ ಹೆಸರು ಕರೆಯುವ ದನಿ. ಈಗ ಬೇಡವೆಂದರೂ ಅಳಿಸಿದ ಆ ಮುಖವೇ ಬಂದು ನಿಲ್ಲುತ್ತದೆ, ಸ್ಪಷ್ಟವಾಗಿ, ನಗುತ್ತ. ಅದು ನನ್ನನ್ನು ಕರೆಯುವುದಿಲ್ಲ.