ದ್ರುಪದಾ ಮಾವಶಿಯ ಹುಲ್ಲು

ದ್ರುಪದಾ ಮಾವಶಿ ಸದಾ ನೆಲ ನೋಡಿಕೊಂಡೇ ನಡೆಯುತ್ತಿದ್ದಳು. ಏನೋ ಕಳೆದುಕೊಂಡಿರಬೇಕು ಎಂದು ನಾನು ಮೊದಲು ತಿಳಿದಿದ್ದೆ. ಖಾನಾಪುರದ ನಮ್ಮ ಶಾಲೆಯಲ್ಲಿ ಬಿಸಿಯೂಟ ಮಾಡುವವಳು, ಎಲ್ಲರಿಗೂ ಮಾವಶಿ, ಎಂದರೆ ಚಿಕ್ಕಮ್ಮ. ಹಿಂದಿನ ಬಯಲಿಗೆ ಓಡುವ ಹುಡುಗರನ್ನು ಸೌಟು ಹಿಡಿದೇ ತಡೆಯುತ್ತಿದ್ದಳು: “ನೋಡಿ ಕಾಲಿಡ್ರಿ. ಯಾರದರ ಮನಿ ಇರತೈತಿ.”

ನಾನು ಬೆಳಗಾವಿಯಿಂದ ದಿನವೂ ಬಸ್ಸಿನಲ್ಲಿ ಬರುವ ವಿಜ್ಞಾನದ ಮಾಸ್ತರ. ಆ ಬಯಲಿನಲ್ಲಿ ಸಸಿ ನೆಡಿಸಲು ಹೊರಟಾಗ ಅಡ್ಡ ಬಂದವಳೂ ಅವಳೇ. “ಇದು ಮೊದಲಿನಿಂದ ಹುಲ್ಲಿನ ಜಾಗಾರೀ ಸರ. ಗಿಡಾ ಹಚ್ಚಿದ್ರ ನೆರಳು ಬೀಳ್ತೈತಿ, ಖರೇ. ಹುಲ್ಲಾಗ ಇರಾವ್ರು ಎಲ್ಲಿ ಹೋಗಬೇಕು?” ವಿಜ್ಞಾನ ಓದಿದ ನಾನು ಸಸಿಗಳನ್ನು ವಾಪಸು ಕಳಿಸಿದೆ. ಹುಡುಗರು ಅವಳ ಬೆನ್ನು ಹತ್ತಿದರು. ಪ್ಲಾಸ್ಟಿಕ್ ಆರಿಸಿದರು, ಲಂಟಾನದ ಕಳೆ ಕಿತ್ತರು, ಹಳ್ಳದ ದಂಡೆಯಿಂದ ಹುಲ್ಲಿನ ಬೀಜ ತಂದು ಚೆಲ್ಲಿದರು. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಹುಲ್ಲು ಮೊಣಕಾಲು ಮುಟ್ಟಿತು, ಹುಲ್ಲಿನ ಬುಡದಲ್ಲಿ ಗೂಡು ಕಟ್ಟುವ ಬುರ್ಲಿ ಹಕ್ಕಿ ಬಂತು. ಏಳನೆಯ ತರಗತಿಯ ಸಾನಿಯಾ ಅದರ ಗೂಡು ಕಂಡ ದಿನ ಮಾವಶಿ ಎಲ್ಲರ ಕೈಯಲ್ಲೂ ಒಂದೊಂದು ಚೂರು ಬೆಲ್ಲ ಇಟ್ಟಳು.

ನಮ್ಮ ಕೆಲಸ ನೋಡಲು ಒಂದು ಸೋಮವಾರ ಮೇಲಧಿಕಾರಿಗಳು ಬರುವವರಿದ್ದರು. ಹಿಂದಿನ ದಿನ, ರಜೆಯಿದ್ದರೂ, ಒಬ್ಬನೇ ಬಂದು ಬಯಲು ನೋಡಿದೆ. ಒಣಗಿದ ಹುಲ್ಲು ಬಾಗಿ, ಹಾಳುಬಿದ್ದ ಜಾಗದಂತೆ ಕಂಡಿತು. ನನಗೆ ನಾಚಿಕೆಯಾಯಿತು. ಹೌದು, ಆಗ ನಾಚಿಕೆಪಟ್ಟದ್ದು ಹುಲ್ಲಿಗಾಗಿ! ಯಂತ್ರದವನನ್ನು ಕರೆಸಿ ನುಣ್ಣಗೆ ಕೊಯ್ಯಿಸಿದೆ, ಸುತ್ತಲಿನ ಕಲ್ಲುಗಳಿಗೆ ಸುಣ್ಣ ಬಳಿಸಿದೆ. ಗೂಡಿನ ಮೂಲೆ ಬಿಡು ಎಂದಿದ್ದೆ, ನಿಂತು ತೋರಿಸಲಿಲ್ಲ. ಬಸ್ಸಿಗೆ ಹೊತ್ತಾಗಿತ್ತು.

ಬೆಳಿಗ್ಗೆ ಸಾನಿಯಾ ಒಡೆದ ಮೊಟ್ಟೆಯ ಚೂರು ಹಿಡಿದು ಅಳುತ್ತಿದ್ದಳು. “ಯಾರು ಕೊಯ್ಸಿದ್ರು?” ಎಂದು ಹುಡುಗರು ಕೂಗಿದರು. ಮಾವಶಿ ಒಮ್ಮೆ ಸುಣ್ಣದ ಕಲ್ಲು ನೋಡಿದಳು, ಒಮ್ಮೆ ನನ್ನ ಮುಖ ನೋಡಿದಳು.

“ನಾನಽ ಕೊಯ್ಸೇನಿ. ಎಮ್ಮಿಗೆ ಮೇವು ಇರಲಿಲ್ಲ.”

ಆ ಮಧ್ಯಾಹ್ನ ಯಾವ ಹುಡುಗನೂ ಅವಳ ಹತ್ತಿರ ಇನ್ನಷ್ಟು ಸಾರು ಕೇಳಲಿಲ್ಲ. ನಾನು ಅಡುಗೆಕೋಣೆಗೆ ಹೋಗಿ ತಲೆ ತಗ್ಗಿಸಿ ನಿಂತೆ.

“ಹಿಂಗ್ಯಾಕ ಅಂದಿ ಮಾವಶಿ?”

“ನಿಮ್ಮ ಮ್ಯಾಲಿನ ನಂಬಿಕಿ ಹೋದ್ರ, ನಾಳೆ ಬೀಜಾ ತರ್ರಿ ಅಂದ್ರ ಯಾರು ತರ್ತಾರ್ರೀ? ನಂದೇನು, ಅನ್ನಾ ನೀಡಾಕಿ.”

ಇವತ್ತೇ ನಿಜ ಹೇಳುತ್ತೇನೆ ಎಂದೆ. ಅಷ್ಟರಲ್ಲಿ ಅಧಿಕಾರಿಗಳು ಬಂದರು. ಬಯಲು ಚೊಕ್ಕಟವಾಗಿದೆ ಎಂದು ಎಲ್ಲರೆದುರು ನನ್ನ ಬೆನ್ನು ತಟ್ಟಿದರು. ನಾನು ಹೇಳಲಿಲ್ಲ. ಮರುದಿನವೂ ಹೇಳಲಿಲ್ಲ.

ವರ್ಷ ತುಂಬುವ ಮೊದಲೇ ಮಾವಶಿ ಕೆಲಸ ಬಿಟ್ಟು ಲೋಂಡಾದ ಮಗಳ ಮನೆಗೆ ಹೊರಟಳು. ರೈಲು ನಿಲ್ದಾಣದವರೆಗೆ ಅವಳ ಗಂಟು ಹೊತ್ತು ನಡೆದೆ. ನನ್ನ ಧೈರ್ಯ ಅಷ್ಟಕ್ಕೇ ಸಾಕಾಗಿತ್ತು.

“ಹುಡುಗರು ಇನ್ನೂ ಸಿಟ್ಟಿನ್ಯಾಗ ಅದಾರೇನ್ರಿ ಸರ?”

“ಇಲ್ಲ ಮಾವಶಿ, ಮರ್ತಾರ,” ಎಂದೆ, ಅವಳಿಗೆ ಸಮಾಧಾನವಾಗಲೆಂದು.

ಅವಳ ಮುಖ ಇಳಿಯಿತು. “ಮರೀಬಾರದಿತ್ರೀ. ಮರ್ತ್ರ ಮತ್ತ ಕೊಯ್ತಾರ.”

ಅವರು ಮರೆತಿರಲಿಲ್ಲ. ಹುಲ್ಲು ಮತ್ತೆ ಎದ್ದಿದೆ, ಹುಡುಗರು ಸರದಿಯಲ್ಲಿ ಕಾವಲಿರುತ್ತಾರೆ. ಅಡುಗೆಗೆ ಹೊಸದಾಗಿ ಬಂದವಳನ್ನು ಆ ಕಡೆ ಸುಳಿಯಲೂ ಬಿಡುವುದಿಲ್ಲ. ನನಗೆ ಮಾತ್ರ “ಬರ್ರಿ ಸರ” ಎಂದು ದಾರಿ ಬಿಡುತ್ತಾರೆ. ನಾನು ಹೋಗುತ್ತೇನೆ.